ಎಡಹೆಗಲ ಬತ್ತಳಿಕೆ

ಡುಲೂತ್
2 ಮಾರ್ಚ್ 1986

ಅಪ್ಪನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನನ್ನ ಕೆಲಸ ಹೋಗಿಲ್ಲ, ಬಸ್ಸನ್ನು ಯಾವ ಕಂಬಕ್ಕೂ ಗುದ್ದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ನೀನು "ತಾಳು, ನಿಮ್ಮಮ್ಮಂಗೆ ಕೊಡ್ತೀನಿ" ಅನ್ನುತ್ತೀಯ. ಊರು ಬಿಟ್ಟ ಮೇಲೆ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುವುದಿಲ್ಲ. ಅದಕ್ಕೇ ಈ ಕಾಗದ. ಇದನ್ನಾದರೂ ಅಮ್ಮನ ಕೈಗೆ ದಾಟಿಸದೆ ನೀನೇ ಓದು.

ನನಗೊಂದು ಬತ್ತಳಿಕೆ ಹೊಲಿದುಕೊಡು.

ನಗಬೇಡ. ಮೂರು ವರ್ಷದಿಂದ ನಾನು ಇಲ್ಲಿ ಬಿಲ್ಲು ಹಿಡಿದಿದ್ದೇನೆ. ರೂಬೆನ್, ವರ್ನರ್ ಇಬ್ಬರೂ ಈಗ ಜಂಬದಿಂದ ಹೊತ್ತು ತಿರುಗುತ್ತಾರಲ್ಲ, ಆ ರಾಟೆ ಕಟ್ಟಿದ ಬಿಲ್ಲಲ್ಲ. ನಿನ್ನದರಂಥದೇ ಬರೀ ಮರದ ಬಿಲ್ಲು. ನೀನು ಹೊಲಿದುಕೊಟ್ಟ ಬತ್ತಳಿಕೆಗಳನ್ನು ಅಣ್ಣಂದಿರಿಬ್ಬರೂ ಅಟ್ಟಕ್ಕೆ ಹಾಕಿ ಪ್ಲಾಸ್ಟಿಕ್ಕಿನದನ್ನು ಕೊಂಡರು. ನಮ್ಮ ಮನೆಯಲ್ಲಿ ನಿನ್ನ ದಾರಿಯಲ್ಲಿ ಉಳಿದವಳು ನಾನೊಬ್ಬಳೇ, ಮತ್ತು ಬತ್ತಳಿಕೆ ಇಲ್ಲದವಳೂ ನಾನೊಬ್ಬಳೇ.

ನೆನಪಿದೆಯಾ, ನನಗೆ ಹದಿನಾಲ್ಕು ತುಂಬಿದ ಬೇಸಿಗೆ? ಹಬೆಸ್ನಾನದ ಸೌನಾದ ಹಿಂದೆ ಹುಲ್ಲಿನ ಪೆಂಡಿ ಇಟ್ಟು ನೀನು ನನ್ನ ಕೈಲಿ ದಿನವೂ ಬಾಣ ಹೊಡೆಸಿದೆ. ಒಂದು ಬಾಣವೂ ನೆಟ್ಟಗೆ ಹೋಗಲಿಲ್ಲ. ಕೊನೆಗೆ ನೀನು ರೂಬೆನ್‌ಗೆ ಹೇಳಿದೆ: "ಇವ್ಳ ಕೈಲಾಗಲ್ಲ ಬಿಡೋ. ಕಾಡಿಗೆ ಕರ್ಕೊಂಡೋದ್ರೆ ನಮ್ಮನ್ನೇ ಹೊಡೀತಾಳೆ." ಅವರಿಬ್ಬರಿಗೂ ಹದಿನಾಲ್ಕಕ್ಕೆ ಬತ್ತಳಿಕೆ ಬಂತು, ಬೇಟೆಯ ಬಿಡಾರದಲ್ಲಿ ಒಂದೊಂದು ಮಂಚ ಬಂತು. ನನಗೆ ಹೊಲಿಗೆ ಪೆಟ್ಟಿಗೆ ಬಂತು.

ಇಲ್ಲಿ ಬಿಲ್ಲು ಕಲಿಸುವ ಬರ್ನೀಸ್ ಅನ್ನುವ ಮುದುಕಿ ಇದ್ದಾಳೆ. ಮೊದಲ ದಿನ ನಾನು ಬಾಣ ಬಿಡುವುದನ್ನು ನೋಡಿ ಏನಂದಳು ಗೊತ್ತಾ? "ಅಯ್ಯೋ ಹುಡುಗಿ, ನಿನಗೆ ಎಡಗಣ್ಣು ಯಜಮಾನ, ಗುರಿ ನೋಡೋದು ಅದೇ. ಬಲಗೈಲಿ ಹೆದೆ ಎಳ್ಕೊಂಡು ಯಾಕೆ ಒದ್ದಾಡ್ತಿದೀಯ?" ಎಡಗೈಯವರ ಬಿಲ್ಲು ಕೊಟ್ಟಳು. ಆ ವಾರವೇ ಬಾಣ ಹೇಳಿದ ಕಡೆ ಹೋಗತೊಡಗಿತು. ಅಷ್ಟೇ ಅಪ್ಪ. ನನ್ನ ಕೈಲಾಗದೆ ಇದ್ದದ್ದಲ್ಲ, ಕೈಯೇ ಬೇರೆ.

ಆದ್ದರಿಂದ ಬತ್ತಳಿಕೆ ಎಡಹೆಗಲಿಗೆ ಬರಬೇಕು. ಪಟ್ಟಿ ಎಡಹೆಗಲಿಂದ ಬಲ ಸೊಂಟಕ್ಕೆ. ಬಾಣದ ಉದ್ದ ಇಪ್ಪತ್ತೇಳು ಇಂಚು. ಆರು ಬಾಣ ಹಿಡಿಸಿದರೆ ಸಾಕು. ಝಣಗುಟ್ಟುವ ಬಕಲ್ಲು ಬೇಡ, ಕುಚ್ಚು ಬೇಡ.

ಅಕ್ಟೋಬರಿನಲ್ಲಿ ಅದನ್ನು ಹೊತ್ತುಕೊಂಡು ಬಿಡಾರಕ್ಕೆ ಬರುತ್ತೇನೆ. ಅಡುಗೆ ಮಾಡುವುದಕ್ಕಲ್ಲ, ನಿನ್ನ ಜೊತೆ ಬೇಟೆಗೆ ಕೂರುವುದಕ್ಕೆ. ನನಗೆ ಬೇಕಾಗಿರುವುದು ಅದೇ, ಸುತ್ತಿ ಬಳಸಿ ಹೇಳುವುದಿಲ್ಲ.

ನಿನ್ನ ಉತ್ತರಕ್ಕೆ ಕಾಯುತ್ತಿರುವ
ಸಿಲ್ವಿ


ಓಟರ್ ಕ್ರೀಕ್
23 ಮಾರ್ಚ್ 1986

ಸಿಲ್ವಿ,

ಕಾಗದ ಬಂತು, ನಾನೇ ಓದಿದೆ. ಹೊಲಿಯುತ್ತೇನೆ. ಒಳ್ಳೆಯ ಎತ್ತಿನ ಚರ್ಮ ಒಂದು ಪೂರ್ತಿ ಇಟ್ಟುಕೊಂಡಿದ್ದೆ, ಅದರಲ್ಲೇ ಮಾಡುತ್ತೇನೆ. ನನ್ನ ಕೈಯ ಬತ್ತಳಿಕೆಗೆ ಈ ಸುತ್ತಿನ ಗಂಡಸರು ವರ್ಷಗಟ್ಟಲೆ ಕಾಯುತ್ತಾರೆ. ನೀನು ಸರದಿಯಲ್ಲಿ ನಿಲ್ಲಬೇಕಾಗಿಲ್ಲ.

ಅಳತೆ ಬರೆದು ಕಳಿಸುವ ಅಗತ್ಯವಿರಲಿಲ್ಲ. ಮಗಳ ಅಳತೆ ಅಪ್ಪನಿಗೆ ಗೊತ್ತಿರುತ್ತದೆ.

ಎಡಗಣ್ಣು ಯಜಮಾನ ಅಂದ ಆ ಮುದುಕಿ ಬಿಲ್ಲು ಮಾರುತ್ತಾಳೋ? ಹಾಗಿದ್ದರೆ ಅಂಗಡಿಯಲ್ಲಿ ಖರ್ಚಾಗದೆ ಯಾವ ಬಿಲ್ಲು ಉಳಿದಿತ್ತೋ ಅದಕ್ಕೆ ತಕ್ಕ ಕಣ್ಣನ್ನು ನಿನಗೆ ಹುಡುಕಿಕೊಟ್ಟಿದ್ದಾಳೆ. ನೀನು ಬರೆಯುವುದು ಬಲಗೈಯಲ್ಲಿ. ಚಮಚ ಹಿಡಿಯುವುದು ಬಲಗೈಯಲ್ಲಿ. ನಮ್ಮ ವಂಶದಲ್ಲಿ ಎಡಚರು ಯಾರೂ ಇಲ್ಲ. ನಾಲ್ಕು ದಿನದ ಖಯಾಲಿಗಾಗಿ ಇಷ್ಟು ಒಳ್ಳೆಯ ಚರ್ಮವನ್ನು ಎಡಕ್ಕೆ ಕತ್ತರಿಸಿಬಿಟ್ಟರೆ ಆಮೇಲೆ ಯಾರ ಕೈಗೂ ಬರುವುದಿಲ್ಲ.

ಬಿಡಾರದ ಮಾತು ಅಕ್ಟೋಬರಿಗೆ ನೋಡೋಣ.

ಅಪ್ಪ
ಆರ್ವಿದ್ ಸಾಲ್ಮಿ

ಸಿಲ್ವಿ, ನಿಮ್ಮಪ್ಪ ಕಾಗದ ಬರೆದು ಮುಗಿಸುವ ಮೊದಲೇ ಷೆಡ್ಡಿಗೆ ಹೋಗಿ ಚರ್ಮ ನೆನೆಸಿ ಬಂದರು. ಊಟಕ್ಕೆ ಕರೆದರೆ ಕಿವಿಗೆ ಬೀಳುತ್ತಿಲ್ಲ. ಏಲಕ್ಕಿ ಬ್ರೆಡ್ಡು ಮಾಡಿದ್ದೆ, ನಿನ್ನ ನೆನಪಾಯಿತು. — ಅಮ್ಮ


ಡುಲೂತ್
4 ಮೇ 1986

ಅಪ್ಪನಿಗೆ,

ಬತ್ತಳಿಕೆ ಬಂತು. ಮೊದಲು ನಿಜ ಹೇಳಿಬಿಡುತ್ತೇನೆ, ಇಷ್ಟು ಚಂದದ ಹೊಲಿಗೆಯನ್ನು ನಾನು ಎಲ್ಲೂ ನೋಡಿಲ್ಲ. ಬಸ್ ಡಿಪೋದಲ್ಲಿ ಪೊಟ್ಟಣ ಬಿಚ್ಚಿದಾಗ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು.  ಆಮೇಲೆ ಹೆಗಲಿಗೆ ಹಾಕಿಕೊಂಡೆ.

ಬಲಹೆಗಲು!

ಅಪ್ಪ, ನನ್ನ ಕಾಗದದಲ್ಲಿ 'ಎಡ' ಅನ್ನುವ ಮಾತು ಎಷ್ಟು ಸಲ ಇತ್ತು, ತೆಗೆದು ನೋಡು. ಬಾಣ ಎಳೆಯಬೇಕಾದರೆ ನನ್ನ ಎಡಗೈ ಕುತ್ತಿಗೆಯ ಹಿಂದೆ ಹಾದು ಬಲಗಿವಿಯ ಹತ್ತಿರ ತಡಕಾಡಬೇಕು. ಬೆನ್ನು ತುರಿಸಿಕೊಳ್ಳಲಾಗದೆ ಒದ್ದಾಡುವವಳ ಹಾಗೆ ಕಾಣುತ್ತೇನೆ. ಬರ್ನೀಸ್ ನೋಡಿ, "ಯಾರಿಗೆ ಹೊಲ್ದಿದ್ದಮ್ಮ ಇದು?" ಅಂದಳು. "ನಂಗೇ" ಅಂದೆ. "ಹೊಲ್ದೋರು ನಿನ್ನ ಯಾವತ್ತಾದ್ರೂ ನೋಡಿದಾರಾ?" ಅಂದಳು. 

ಎರಡನೆಯದು, ಉದ್ದ. ಇದು ಹದಿನಾಲ್ಕು ವರ್ಷದ ಮಕ್ಕಳ ಬಾಣಕ್ಕೆ ಹೇಳಿಮಾಡಿಸಿದ್ದು. ನನ್ನ ಬಾಣ ಅರ್ಧ ಹೊರಗೇ ನಿಲ್ಲುತ್ತದೆ. ಬೂಟಿನ ಲೇಸು ಕಟ್ಟಲು ಬಗ್ಗಿದೆ, ಆರಕ್ಕೆ ಆರೂ ತಲೆಯ ಮೇಲಿಂದ ಸುರಿದವು. ಬೇಟೆಯ ಅಲಗು ಹಾಕಿರಲಿಲ್ಲ, ಬದುಕಿಕೊಂಡೆ. ಮಗಳ ಅಳತೆ ಗೊತ್ತು ಅಂದೆಯಲ್ಲ, ಯಾವ ವರ್ಷದ ಅಳತೆ ಅದು? ನನಗೆ ಮೂವತ್ಮೂರು.

ಮೂರನೆಯದು, ಹೂವು. ಅಣ್ಣಂದಿರ ಬತ್ತಳಿಕೆಯ ಮೇಲೆ ಜಿಂಕೆಯ ಹೆಜ್ಜೆ ಒತ್ತಿದ್ದೆ. ನನ್ನದರ ಮೇಲೆ ಬಳ್ಳಿ ಬಿಟ್ಟು ಹೂವು ಅರಳಿಸಿದ್ದೀಯ. ನಾನೇನು ಅದರಲ್ಲಿ ಉಲ್ಲನ್ ಉಂಡೆ ಇಟ್ಟುಕೊಂಡು ಓಡಾಡುತ್ತೇನಾ?

ವಾಪಸು ಕಳಿಸುತ್ತಿದ್ದೇನೆ. ಕೋಪಕ್ಕಲ್ಲ, ಸರಿಮಾಡಿಕೊಡು ಅಂತ. ಜೊತೆಗೆ ಹಳೆಯ ಪೇಪರಿನಲ್ಲಿ ನನ್ನ ಬೆನ್ನಿನ ಆಕಾರ ಕತ್ತರಿಸಿ ಇಟ್ಟಿದ್ದೇನೆ, ಬರ್ನೀಸ್ ಗೆರೆ ಎಳೆದುಕೊಟ್ಟಳು. ಎಡಹೆಗಲಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುಂಡು ಹಾಕಿದ್ದೇನೆ. ಅದು ಎಡ. ದಯವಿಟ್ಟು.

ಸಿಲ್ವಿ


ಓಟರ್ ಕ್ರೀಕ್
8 ಜೂನ್ 1986

ಸಿಲ್ವಿ,

ನಾನು ಹೊಲಿದ ಬತ್ತಳಿಕೆ ಇವತ್ತಿನವರೆಗೆ ಷೆಡ್ಡಿನಿಂದ ಹೊರಗೆ ಹೋಗಿದೆಯೇ ಹೊರತು ಒಳಗೆ ಬಂದದ್ದಿಲ್ಲ. ಅಂಚೆಯವನು ತಂದು ಕೊಡುವಾಗ "ಏನ್ ಆರ್ವಿದ್, ಗಿರಾಕಿಗೆ ಹಿಡಿಸ್ಲಿಲ್ವಾ?" ಅಂದ. ಊರೆಲ್ಲ ಹರಡಿಯಾಯಿತು. ರೂಬೆನ್ ಬಂದು ಮೇಜಿನ ಮೇಲೆ ಬಿದ್ದಿದ್ದ ನಿನ್ನ ಪೇಪರ್ ಬೆನ್ನನ್ನು ನೋಡಿ, "ಅಪ್ಪಾ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ, ಒಂದು ಪ್ಲಾಸ್ಟಿಕ್ಕಿಂದು ಕೊಡಿಸ್ಬಿಡು" ಅಂದ. ಅವನಿಗೆ ಏನು ಹೇಳಬೇಕೋ ಹೇಳಿ ಕಳಿಸಿದ್ದೇನೆ.

ಹೊಲಿಗೆ ಪೂರ್ತಿ ಬಿಚ್ಚಿದೆ. ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ, ನಿನಗೆ ಗೊತ್ತಿರಲಿ. ಬುಡಕ್ಕೆ ಚರ್ಮ ಜೋಡಿಸಿ ಉದ್ದ ಮಾಡಿದ್ದೇನೆ. ಹೂವನ್ನು ಉಜ್ಜಿ ಅಳಿಸಿದೆ. ಪೂರ್ತಿ ಹೋಗಲಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಹಿಡಿಯಬೇಡ. ಹೂವು ಚಂದವಿತ್ತು.

ಎಡ ಬಲದ ಜಗಳಕ್ಕೆ ಒಂದು ದಾರಿ ಕಂಡುಹಿಡಿದಿದ್ದೇನೆ. ಪಟ್ಟಿಯನ್ನು ಎರಡೂ ಕಡೆ ಕೊಂಡಿಗೆ ಸಿಕ್ಕಿಸುವ ಹಾಗೆ ಮಾಡಿದ್ದೇನೆ. ಬೇಕೆಂದರೆ ಎಡಕ್ಕೆ ಹಾಕಿಕೋ, ಖಯಾಲಿ ಮುಗಿದ ಮೇಲೆ ಬಲಕ್ಕೆ ಹಾಕಿಕೋ. ಇಂಥದ್ದು ಯಾರಿಗೂ ಮಾಡಿಕೊಟ್ಟಿಲ್ಲ.

ಬುಡದಲ್ಲಿ ಒಂದು ಹಿಡಿ ಓಟ್ಸು ಸುರಿದಿದ್ದೇನೆ. ತೆಗೆಯಬೇಡ. ಅಲಗುಗಳು ಅದರಲ್ಲಿ ಹೂತು ಕೂತರೆ ನಡೆಯುವಾಗ ಒಂದಕ್ಕೊಂದು ತಾಗಿ ಸದ್ದು ಮಾಡುವುದಿಲ್ಲ. ನಮ್ಮಪ್ಪ ಮಾಡುತ್ತಿದ್ದ, ನಾನೂ ಮಾಡುತ್ತೇನೆ.

ಇನ್ನು ಇದನ್ನು ವಾಪಸು ಕಳಿಸುವ ಮಾತಿಲ್ಲ.

ಅಪ್ಪ
ಆರ್ವಿದ್ ಸಾಲ್ಮಿ


ಡುಲೂತ್
10 ಆಗಸ್ಟ್ 1986

ಅಪ್ಪನಿಗೆ,

ಎರಡು ತಿಂಗಳು ನಾನು ಬರೆಯದೆ ಇದ್ದದ್ದು ಬಿಡುವಿಲ್ಲದೆ ಅಲ್ಲ. ಬರೆದರೆ ಬಾಯಿಗೆ ಬಂದದ್ದನ್ನೆಲ್ಲ ಬರೆದುಬಿಡುತ್ತೇನೆಂದು ಸುಮ್ಮನಿದ್ದೆ. ಈಗಲೂ ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತೇನೆ.

ಹೋದ ಶನಿವಾರ ಇಲ್ಲಿನ ಬಿಲ್ಲುಗಾರರೆಲ್ಲ ಕಾಡಿನಲ್ಲಿ ಅಲ್ಲಲ್ಲಿ ಬೊಂಬೆ ಜಿಂಕೆ ನಿಲ್ಲಿಸಿ ಪಂದ್ಯ ಇಟ್ಟುಕೊಂಡಿದ್ದೆವು. ಹೋಗುತ್ತ ಹೋಗುತ್ತ ಮಳೆ ಹಿಡಿಯಿತು. ಎರಡೂ ಕಡೆಗೆ ಆಗುವ ನಿನ್ನ ಪಟ್ಟಿ ಒಂದು ಕಡೆಯೂ ನಿಲ್ಲಲಿಲ್ಲ. ಪ್ರತಿ ಹತ್ತು ಹೆಜ್ಜೆಗೆ ಬತ್ತಳಿಕೆ ಜಾರಿ ಹೊಟ್ಟೆಯ ಮುಂದಕ್ಕೆ ಬರುತ್ತಿತ್ತು, ಮಗು ಎತ್ತಿಕೊಂಡವಳ ಹಾಗೆ ಅದನ್ನು ತಬ್ಬಿಕೊಂಡು ನಡೆದೆ. ಕೊಂಡಿ ಹೆಜ್ಜೆ ಹೆಜ್ಜೆಗೂ ಟಿಣ್ ಟಿಣ್ ಅನ್ನುತ್ತಿತ್ತು. ಬೊಂಬೆಗಳಿಗೆ ಜೀವವಿದ್ದಿದ್ದರೆ ಊರು ಬಿಟ್ಟು ಹೋಗುತ್ತಿದ್ದವು.

ನನ್ನ ಸರದಿ ಬಂತು. ಬಾಣಕ್ಕೆ ಕೈ ಹಾಕಿ ಎಳೆದರೆ ಬರಲಿಲ್ಲ. ಇನ್ನೊಂದು ಎಳೆದೆ, ಅದೂ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ. ನಿನ್ನ ಓಟ್ಸು ಮಳೆನೀರು ಕುಡಿದು ಉಬ್ಬಿ ಗಂಜಿಯಾಗಿ ಆರೂ ಬಾಣಗಳನ್ನು ಕಚ್ಚಿ ಹಿಡಿದಿತ್ತು. ಕೊನೆಗೆ ಬರ್ನೀಸ್ ಬತ್ತಳಿಕೆ ಹಿಡಿದುಕೊಂಡಳು, ಇನ್ನೊಬ್ಬ ನನ್ನ ಸೊಂಟ ಹಿಡಿದುಕೊಂಡ, ನಾನು ಬಾಣ ಹಿಡಿದು ಜಗ್ಗಿದೆ. ಪಳಕ್ ಅಂತ ಬಂತು, ತುದಿಯಲ್ಲಿ ಒಂದು ಮುದ್ದೆ ಗಂಜಿ. "ಸಿಲ್ವಿ, ಸಕ್ಕರೆ ತರ್ಲಾ?" ಅಂತ ಯಾರೋ ಅಂದರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಯಾಕೆ ಅತ್ತೆ ಅಂತ ನಿನಗೆ ಗೊತ್ತಾಗಬೇಕು. ಗಂಜಿಗಲ್ಲ. ಮಳೆ ಬರುವುದು ನಿನಗೆ ಮೊದಲೇ ಗೊತ್ತಿರಲಿಲ್ಲ ಬಿಡು. ಆ ಎರಡು ಕಡೆಯ ಪಟ್ಟಿಗೆ. ಮೊದಲನೆಯದನ್ನು ಹದಿನಾಲ್ಕರ ಹುಡುಗಿಗೆ ಹೊಲಿದೆ. ಎರಡನೆಯದನ್ನು ಯಾರಿಗೂ ಹೊಲಿಯಲಿಲ್ಲ. ಎಡವಾದರೂ ಆದೀತು, ಬಲವಾದರೂ ಆದೀತು ಅನ್ನುವವಳು ಯಾರಿದ್ದಾಳೆ? ನಾನು ಆದೀತು ಅಲ್ಲ ಅಪ್ಪ. ನಾನು ಎಡ. ನನ್ನ ಮಾತನ್ನು ನಂಬಿ ಒಂದು ಹೊಲಿಗೆ ಹಾಕುವುದು ನಿನಗೆ ಇಷ್ಟು ಕಷ್ಟವೇ?

ನೀನು ವಾಪಸು ಕಳಿಸಬೇಡ ಅಂದಿದ್ದೆ. ಆದರೂ ಕಳಿಸುತ್ತಿದ್ದೇನೆ, ಸರಿಮಾಡು ಅಂತಲ್ಲ. ಒಳ್ಳೆಯ ಚರ್ಮ, ಬೇರೆ ಯಾರಿಗಾದರೂ ಆದೀತು. ನಾನೂ ರೂಬೆನ್ ಹೇಳಿದ ಹಾಗೆ ಪ್ಲಾಸ್ಟಿಕ್ಕಿನದು ಕೊಳ್ಳುತ್ತೇನೆ. ಅಕ್ಟೋಬರಿನಲ್ಲಿ ಬಿಡಾರದಲ್ಲಿ ನನಗೆ ಜಾಗ ಇದೆಯೋ ಇಲ್ಲವೋ, ಅದನ್ನೂ ನೀನು ಹೇಳಿಲ್ಲ. ಇನ್ನು ಕೇಳುವುದಿಲ್ಲ.

ಸಿಲ್ವಿ


ಓಟರ್ ಕ್ರೀಕ್
31 ಆಗಸ್ಟ್ 1986

ಪ್ರೀತಿಯ ಸಿಲ್ವಿ,

ಇದನ್ನು ನಿಮ್ಮಪ್ಪನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಅವರು ಮೀನಿಗೆ ಹೋಗಿದ್ದಾರೆ.

ನಿನ್ನ ಕಾಗದ ಬಂದ ದಿನ ಅದನ್ನು ಎರಡೆರಡು ಸಲ ಓದಿದರು. ಕಾಫಿ ಆರಿ ತಣ್ಣಗಾಯಿತು. ಮಾರನೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ, ಬಂದು ನಿಂತರು. "ಲೆಂಪಿ, ಎರಡು ಕೈ ಸೇರಿಸಿ ಸಂದು ಮಾಡ್ಕೊಂಡು ಆ ಸೂರಿನ ಮೇಲಿನ ಚಿಮಣಿ ನೋಡು" ಅಂದರು. ನೋಡಿದೆ. "ಎಡಗಣ್ಣು ಮುಚ್ಚು. ಚಿಮಣಿ ಇದ್ಯಾ?" "ಇದೆ." "ಬಲಗಣ್ಣು ಮುಚ್ಚು." ಮುಚ್ಚಿದೆ, ಚಿಮಣಿ ಮಾಯ! ನನಗೆ ಬಲಗಣ್ಣು ಯಜಮಾನ ಅಂತೆ. ಆಮೇಲೆ ಅವರೂ ಮಾಡಿದರು. ಅಂಚೆಯವನ ಕೈಲೂ ಮಾಡಿಸಿದರು. ಈಗ ನಮ್ಮ ರಸ್ತೆಯಲ್ಲಿ ಕೈಯಲ್ಲಿ ಸಂದು ಮಾಡಿಕೊಂಡು ಚಿಮಣಿ ನೋಡದವರು ಯಾರೂ ಉಳಿದಿಲ್ಲ. ಪಾದ್ರಿಗೂ ನಿನ್ನ ಹಾಗೆ ಎಡಗಣ್ಣೇ ಯಜಮಾನ ಅಂತೆ, ಅವರಿಗೇ ಗೊತ್ತಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಹೆದೆ ಎಳೆದು ಸೌನಾದ ಹಿಂದೆ ಹೊಡೆಯತೊಡಗಿದ್ದಾರೆ. ಪೆಂಡಿಗೆ ಒಂದೂ ತಾಗುತ್ತಿಲ್ಲ. ಒಂದು ಬಾಣ ಸೌನಾದ ಬಾಗಿಲಲ್ಲಿದೆ, ಒಂದು ನನ್ನ ನೀರಿನ ಬಕೆಟ್ಟನ್ನು ತೂತು ಮಾಡಿತು. "ಏನ್ರೀ ಇದು?" ಅಂದರೆ ಹಲ್ಲು ಕಡಿಯುತ್ತಾರೆ. ಸಿಟ್ಟು ಯಾರ ಮೇಲೋ ಗೊತ್ತಿಲ್ಲ. ನಿನ್ನೆ ಷೆಡ್ಡಿನಲ್ಲಿ ನಿನ್ನ ಪೇಪರ್ ಬೆನ್ನನ್ನು ಗೋಡೆಗೆ ಅಂಟಿಸಿದ್ದು ನೋಡಿದೆ.

ಪ್ಲಾಸ್ಟಿಕ್ಕಿನದು ಈಗಲೇ ಕೊಳ್ಳಬೇಡ. ನಾನು ಹೇಳಿದೆನೆಂದು ಹೇಳಬೇಡ.

ಅಮ್ಮ


ಓಟರ್ ಕ್ರೀಕ್
17 ಸೆಪ್ಟೆಂಬರ್ 1986

ಸಿಲ್ವಿ,

ಇದರ ಜೊತೆ ಬರುವ ಪೊಟ್ಟಣದಲ್ಲಿ ಬತ್ತಳಿಕೆ ಇದೆ. ಹಳೆಯ ಚರ್ಮ ಅಲ್ಲ. ಅದಕ್ಕೆ ತೂತು ಹೆಚ್ಚಾಗಿತ್ತು, ಬೇರೆ ತಂದೆ. ಎಡಹೆಗಲು. ಎಡಹೆಗಲು ಮಾತ್ರ. ಬಲಕ್ಕೆ ಹಾಕಿಕೊಂಡರೆ ನೀನೇ ಬೀಳುತ್ತೀಯ. ಉದ್ದ ಇಪ್ಪತ್ತೇಳರ ಬಾಣಕ್ಕೆ. ಕೊಂಡಿ ಇಲ್ಲ, ಪಟ್ಟಿಯನ್ನು ಚರ್ಮದ ದಾರದಲ್ಲೇ ಬಿಗಿದಿದ್ದೇನೆ, ಸದ್ದು ಬಾರದು. ಬುಡಕ್ಕೆ ಕುರಿಯ ಉಣ್ಣೆ ಹಾಕಿದೆ. ಓಟ್ಸಿನ ಮಾತು ಎತ್ತಬೇಡ. ಮೇಲೆ ಏನೂ ಒತ್ತಿಲ್ಲ. ಏನು ಬೇಕೋ ನೀನೇ ಒತ್ತಿಕೋ.

ಎಲ್ಲ ತಿರುವು ಮುರುವು. ಕನ್ನಡಿಯಲ್ಲಿ ನೋಡಿಕೊಂಡು ಬೇರೆಯವರಿಗೆ ಕ್ಷೌರ ಮಾಡಿದ ಹಾಗಾಯಿತು. ಕೈ ಅಭ್ಯಾಸದಲ್ಲಿ ಬಲಕ್ಕೆ ಹೋಗುತ್ತಿತ್ತು, ಮತ್ತೆ ಬಿಚ್ಚುತ್ತಿದ್ದೆ. ದಬ್ಬಳ ಎರಡು ಮುರಿದೆ. ಇಷ್ಟು ಬೈದುಕೊಂಡು ಯಾವ ಕೆಲಸವನ್ನೂ ಮಾಡಿಲ್ಲ.

ಇನ್ನೊಂದು. ಬೀವರುಗಳು ಹಲ್ಲಲ್ಲಿ ಮರ ಕಡಿದು ಕಟ್ಟಿದ ಒಡ್ಡಿನ ಹತ್ತಿರ ಕೂರುವ ಜಾಗವಿದೆಯಲ್ಲ, ಅಲ್ಲಿ ಜಿಂಕೆ ಬರುವುದು ಬಲಗಡೆಯಿಂದ. ಕೂತಲ್ಲೇ ಬಲಕ್ಕೆ ತಿರುಗಿ ಬಾಣ ಬಿಡಲು ನಮ್ಮಂಥವರಿಗೆ ಆಗುವುದಿಲ್ಲ. ಎಡಗೈಯವರಿಗೆ ಆಗುತ್ತದೆ. ಅದಕ್ಕೇ ಕರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಆದರೆ ನೀನು ಅಲ್ಲಿ ಕೂರು.

ಅಕ್ಟೋಬರ್ ಮೂರು ಶುಕ್ರವಾರ ಸಂಜೆಯೊಳಗೆ ಬಾ. ಉಣ್ಣೆಯ ಕಾಲುಚೀಲ ತಾ.

ಅಪ್ಪ
ಆರ್ವಿದ್ ಸಾಲ್ಮಿ


ಡುಲೂತ್
7 ಅಕ್ಟೋಬರ್ 1986

ಅಪ್ಪನಿಗೆ,

ಭಾನುವಾರ ಬೆಳಿಗ್ಗೆ ಹೇಳದೆ ಹೊರಟುಬಂದೆ. ಅಮ್ಮನಿಗೆ ಫೋನು ಮಾಡಿ ತಲುಪಿದೆನೆಂದು ಹೇಳಿದೆ. ನಿನಗೆ ಕಾರಣ ಹೇಳಬೇಕು.

ಬತ್ತಳಿಕೆಯ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಅದು ನನ್ನ ಬೆನ್ನಿಗೇ ಹುಟ್ಟಿದ ಹಾಗಿದೆ. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಆ ಗಂಡು ಜಿಂಕೆ ನೀನು ಹೇಳಿದ ಕಡೆಯಿಂದಲೇ ಬಂತು. ಕೈ ಎತ್ತಿದೆ, ಬಾಣ ಬೆರಳಿಗೆ ಬಂತು, ಒಂದು ಚೂರು ಸದ್ದಿಲ್ಲ. ಜಿಂಕೆ ತಲೆ ಎತ್ತಲೂ ಇಲ್ಲ. ಕಲ್ಲು ತೂರಿದರೂ ತಾಗುವಷ್ಟು ಹತ್ತಿರ. ಬಿಟ್ಟೆ. ಬಾಣ ಅದರ ಬೆನ್ನಿನ ಮೇಲೆ ಹಾದು ಒಡ್ಡಿಗೆ ಹೋಗಿ ನಾಟಿತು. ಜಿಂಕೆ ಹೋಯಿತು. ತಪ್ಪು ಹೊರಿಸಲು ನನಗೆ ಏನೂ ಉಳಿದಿರಲಿಲ್ಲ, ಎಲ್ಲ ಸರಿಯಾಗಿತ್ತು, ನಾನು ತಪ್ಪಿದೆ.

ನೀನು ನಿನ್ನ ಜಾಗದಿಂದ ಎದ್ದು ಬಂದೆ. ನಾನು ಕಾಯುತ್ತಿದ್ದೆ. ನೀನು ನನ್ನ ತಲೆ ಸವರಿ, "ಹೋಗ್ಲಿ ಬಿಡಮ್ಮ, ಪರವಾಗಿಲ್ಲ. ಬಾ, ಕಾಫಿ ಕುಡಿಯೋಣ" ಅಂದೆ.

ಪರವಾಗಿಲ್ಲವಾ? ರೂಬೆನ್ ಜಿಂಕೆ ತಪ್ಪಿದ ವರ್ಷ ನೀನು ಬೈದದ್ದು ನಮಗೆ ಮನೆಯಲ್ಲಿ ಕೂತವರಿಗೂ ಪೂರ್ತಿ ಬಾಯಿಪಾಠವಾಗಿತ್ತು. ವರ್ನರ್‌ನ ಜೊತೆ ಚಳಿಗಾಲ ಪೂರ್ತಿ ಮುಖ ಕೊಟ್ಟು ಮಾತಾಡಲಿಲ್ಲ. ನನಗೆ ಕಾಫಿ. ರಾತ್ರಿ ಊಟದಲ್ಲಿ ರೂಬೆನ್ ಏನೋ ಹೇಳಲು ಬಾಯಿ ತೆರೆದ, ನೀನು ಕಣ್ಣಿನಲ್ಲೇ ಅವನನ್ನು ಸುಮ್ಮನಾಗಿಸಿ ನನ್ನ ತಟ್ಟೆಗೆ ದೊಡ್ಡ ಮಾಂಸದ ತುಂಡು ಹಾಕಿದೆ. ಎಲ್ಲರೂ ಹವಾಮಾನದ ಮಾತಾಡಿದರು. ಊರಿಗೆ ಬಂದ ನೆಂಟರ ಮಗು ಬಿದ್ದು ಮಂಡಿ ತರಚಿಕೊಂಡರೆ ಹೀಗೇ ಮಾಡುತ್ತಾರೆ.

ನೀನು ಎಡ ಒಪ್ಪಿಕೊಂಡೆ, ಅಳತೆ ಒಪ್ಪಿಕೊಂಡೆ. ಆದರೆ ನನ್ನನ್ನು ಬೇಟೆಗಾರ್ತಿ ಅಂತ ಒಪ್ಪಿಕೊಳ್ಳಲಿಲ್ಲ. ಸಮಾಧಾನ ಮಾಡಿಸಿಕೊಳ್ಳಲು ನಾನು ಇಡೀ ದಿನ ಗಾಡಿ ಓಡಿಸಿಕೊಂಡು ಬರಲಿಲ್ಲ ಅಪ್ಪ. ಮಂಚದ ಮೇಲೆ ಬಿದ್ದುಕೊಂಡು ಸೂರು ನೋಡಿದೆ. ಬೆಳಗಾದದ್ದೇ ಹೊರಟೆ.

ಸಿಲ್ವಿ


ಓಟರ್ ಕ್ರೀಕ್
14 ಅಕ್ಟೋಬರ್ 1986

ಸಿಲ್ವಿ,

ನಿನ್ನ ಮುಖ ನೋಡಿ ನನಗೆ ಬಾಯಿ ಕಟ್ಟಿತು. ಹೆಂಗಸರಿಗೆ ಬೈದು ಅಭ್ಯಾಸವಿಲ್ಲ, ಈ ಮನೆಯಲ್ಲಿ ಬೈಯುವುದು ನಿಮ್ಮಮ್ಮ. ಈಗ ಬೈಯುತ್ತೇನೆ. ಕೂತುಕೊಂಡು ಓದು.

ಕತ್ತೆ! ಅಷ್ಟು ಹತ್ತಿರದ ಜಿಂಕೆಯ ಬೆನ್ನಿನ ಮೇಲೆ ಯಾರಾದರೂ ಬಾಣ ಹಾರಿಸುತ್ತಾರಾ? ನೀನು ಎದೆ ನೋಡಲಿಲ್ಲ, ಕೊಂಬು ನೋಡಿದೆ. ನಾನು ಕಂಡೆ, ನಿನ್ನ ಗದ್ದ ಮೇಲಕ್ಕೆ ಹೋಯಿತು. ಕೊಂಬು ಬೇಯಿಸಿಕೊಂಡು ತಿನ್ನುತ್ತೀಯಾ? ನಾನು ಬೇಸಿಗೆಯೆಲ್ಲ ಕಣ್ಣು ಕಳೆದುಕೊಂಡು ಎಡಕ್ಕೆ ಹೊಲಿದದ್ದು ನೀನು ಬೀವರ್ ಒಡ್ಡಿಗೆ ಬಾಣ ನೆಡಲಿ ಅಂತಲಾ? ಹೆದೆ ಎಳೆದು ಅರೆಗಳಿಗೆಯೂ ನಿಲ್ಲಿಸಲಿಲ್ಲ, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಬಿಟ್ಟುಬಿಟ್ಟೆ. ಆ ಬರ್ನೀಸ್ ಕಣ್ಣು ಕಲಿಸಿದಳಂತೆ, ಬೆರಳು ಯಾರು ಕಲಿಸಬೇಕು? ಅಂಥ ಗಂಡು ಜಿಂಕೆ ಆ ಒಡ್ಡಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ನನಗೆ ಇವತ್ತಿಗೂ ನಿದ್ದೆ ಹತ್ತಿಲ್ಲ. ದರಿದ್ರದವಳೇ!

ಇಷ್ಟು ಸಾಲದಿದ್ದರೆ ಬಂದಾಗ ಎದುರಿಗೆ ಬೈಯುತ್ತೇನೆ, ಬರೆಯಲು ಬಾರದ್ದು ಕೆಲವು ಇವೆ.

ಈಗ ಬಿಡಾರದ ಕಾನೂನು. ಜಿಂಕೆ ತಪ್ಪಿದವರ ಅಂಗಿಯ ಹಿಂದಿನ ಚುಂಗು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯಬೇಕು. ರೂಬೆನ್‌ದು ಇದೆ, ವರ್ನರ್‌ದು ಇದೆ, ನನ್ನವು ಎಷ್ಟಿವೆಯೋ ನಾನು ಎಣಿಸುವುದಿಲ್ಲ. ಆ ರಾತ್ರಿ ರೂಬೆನ್ ಬಾಯಿ ತೆರೆದದ್ದು ಕತ್ತರಿ ಕೇಳಲು. ನಾನು ತಡೆದೆ. ತಡೆಯಬಾರದಿತ್ತು, ಅಷ್ಟು ಗಂಡಸರ ಎದುರು ನಿನ್ನ ಅಂಗಿ ಹಿಡಿಯಲು ನನಗೆ ಕೈ ಬರಲಿಲ್ಲ. ಮಾರನೆಯ ದಿನ ನೋಡಿದರೆ ನೀನು ಚುಂಗಿನ ಸಮೇತ ಓಡಿಹೋಗಿದ್ದೀಯ. ಹಾಗೆ ಓಡಿದವರು ಈ ಬಿಡಾರದಲ್ಲಿ ಯಾರೂ ಇಲ್ಲ.

ಅಂಚೆಯಲ್ಲಿ ಕಳಿಸು. ಅವತ್ತು ಹಾಕಿದ್ದ ಅಂಗಿಯದೇ ಆಗಬೇಕು, ಕೆಂಪು ಚೌಕಳಿ. ಹಳೆಯ ಬಟ್ಟೆ ಕಳಿಸಿ ಮೋಸ ಮಾಡಬೇಡ, ನಾನು ನೋಡಿದ್ದೇನೆ. ಮೊಳೆ ಹೊಡೆದಾಗಿದೆ. ನಿನ್ನೆ ರೂಬೆನ್ ಖಾಲಿ ಮೊಳೆ ಅಂತ ಟೋಪಿ ನೇತುಹಾಕಿದ, ತೆಗೆದು ಬಿಸಾಡಿದೆ.

ಅಪ್ಪ


ಡುಲೂತ್
21 ಅಕ್ಟೋಬರ್ 1986

ಅಪ್ಪನಿಗೆ,

ಚುಂಗು ಇದರೊಳಗೇ ಇದೆ. ಅದೇ ಅಂಗಿಯದು. ಅಂಚು ಸೊಟ್ಟಗಿದೆ, ಬೈಯಬೇಡ. ನಾನು ಕತ್ತರಿಸಿದ್ದು ಎಡಗೈಯಲ್ಲಿ, ಕತ್ತರಿ ಬಲಗೈಯವರದು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಗದ್ದ ಮೇಲಕ್ಕೆ ಹೋದದ್ದು ನಿಜ. ಕೊಂಬನ್ನೇ ನೋಡಿದೆ.

ಈವತ್ತು ಆ ಅಂಗಿಯನ್ನೇ ಹಾಕಿಕೊಂಡು ಕೆಲಸಕ್ಕೆ ಹೋದೆ. ಡಿಪೋದಲ್ಲಿ ಹೊಸದಾಗಿ ಸೇರಿದ ಮೆಕ್ಯಾನಿಕ್ ಒಬ್ಬನಿದ್ದಾನೆ, ನಮ್ಮ ಕಡೆಯವನೇ. ಹಿಂದಿನಿಂದ ನೋಡಿ, "ಏನಮ್ಮ, ಒಲೆಗೆ ತಾಗಿ ಸುಟ್ಟೋಯ್ತಾ ಅಂಗಿ?" ಅಂದ.

"ಇಲ್ಲ" ಅಂದೆ. "ಜಿಂಕೆ ತಪ್ತು."

ಅವನ ಮುಖವೇ ಬದಲಾಯಿತು. ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. "ಹೌದಾ? ಯಾರ ಬಿಡಾರದಲ್ಲಿ?" ಅಂತ ಕೇಳಿದ.

"ನಮ್ಮ ಬಿಡಾರದಲ್ಲಿ" ಅಂದೆ.

ಶನಿವಾರ ಬರುತ್ತೇನೆ.

ಸಿಲ್ವಿ